ಅದು ಮೂಗ್ ಅಲ್ರಿ, ಮೋಗ್. ಕಂಪ್ಯೂಟರಂತೂ ಅಲ್ವೇ ಅಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ಭಾನುವಾರ ನಿಮ್ಮ ಪುರವಣಿನ್ಯಾಗ ಎಲೆಕ್ಟ್ರಾನಿಕ್ ಸಂಗೀತದ ಮ್ಯಾಲ ಒಂದು ಲೇಖನ ಬಂದಿತ್ತಲ್ರಿ, ಅದನ್ನ ಓದಿ ಎರಡ್ ದಿನ ಸುಮ್ನಿದ್ದೆ, ಮೂರನೇ ದಿನ ತಡೀಲಿಕ್ಕ ಆಗ್ಲಿಲ್ಲ, ಅದಕ್ಕ ಬರೀಲಿಕತ್ತೀನಿ. ಅದ್ರಾಗ ಸ್ಟೆಪ್ ಸೀಕ್ವೆನ್ಸರ್ (ಒಂದರ ಹಿಂದ ಒಂದು ಸ್ವರ ಹೆಜ್ಜಿ ಹೆಜ್ಜಿಗೆ ಓಡಸೋ ಡಬ್ಬಿ) ಅಂದ್ರ ಕಲಾವಿದ ಬ್ಯಾಡ, ಕಂಪ್ಯೂಟರಿಗೆ ಬಟನ್ ಒತ್ತಿದ್ರ ಅದ ತಾನಾಗಿ ಬಾರಿಸ್ಕೋತ ಹೋಗ್ತದ ಅನ್ನೋಹಂಗ ಬರದಾರ. ಬಾಜೂಕ ಹಾಕಿದ ಫೋಟೋ ನೋಡಿದ್ರ ಮದುವಿ ಡಿಜೆ ಮಿಕ್ಸರ್‌ದು. ಇದೆಲ್ಲಾ ಹೋಗ್ಲಿ, 'ಮೂಗ್ ಸಿಂಥಸೈಸರ್' ಅಂತ ದಪ್ಪ ಅಕ್ಷರದಾಗ ಛಾಪಿಸೀರಿ. ಸಿಂಥಸೈಸರ್ ಅಂದ್ರ ಕರೆಂಟಿನಿಂದ ಸ್ವರ ಹುಟ್ಸೋ ವಾದ್ಯ, ಅದನ್ನ ಮಾಡಿದ ಪುಣ್ಯಾತ್ಮನ ಹೆಸರು ರಾಬರ್ಟ್ ಮೋಗ್ ರಿ, ಜೋಗ್ ಫಾಲ್ಸ್ ಜೋಗ್ ಇದ್ದಂಗ ಮೋಗ್. ನಮ್ಮ ಅಂಗಡಿ ಹುಡುಗ್ರು ಪೇಪರ್ ನೋಡಿ ಇದೇನ್ರಿ ಮೂಗಿನಿಂದ ಊದೋ ವಾದ್ಯ ಏನು ಅಂತ ನಕ್ಕಿದ್ದ ನಕ್ಕಿದ್ದು.

ನಾನೇನ್ ಸಂಗೀತಗಾರ ಅಲ್ರಿ. ರಾಯಚೂರಿನ ತೀನ್ ಕಂದೀಲ್ ಹತ್ರ ಆಂಪ್ಲಿಫೈಯರ್, ಮೈಕ್ ಸೆಟ್, ಹಳೇ ಟೇಪ್ ರಿಪೇರಿ ಮಾಡಾವ, ಮೂವತ್ ವರ್ಷ ಆತು. ಚಾಲೂ ಮಾಡಿದ್ದು ಲೈಟಿಂಗ್ ಕೆಲಸದಿಂದ. ಜಾತ್ರಿ, ಉರುಸು, ಗಣಪತಿ ಪೆಂಡಾಲ್, ಎಲ್ಲಾ ಕಡಿ ಬಲ್ಬ್ ಒಂದರ ಹಿಂದ ಒಂದು ಓಡೋ ಸೆಟ್ ನೋಡಿರ್ತೀರಿ. ನಾ ಕೆಲಸ ಕಲೀವಾಗ ಹಳೇ ಸೆಟ್ಟಿನ್ಯಾಗ ಒಂದು ಸಣ್ಣ ಮೋಟಾರ್, ಅದಕ್ಕೊಂದು ಕಟ್ಟಿಗಿ ರೋಲ್, ರೋಲಿನ ಮ್ಯಾಲ ಹಿತ್ತಾಳಿ ಪಟ್ಟಿ, ಅದು ತಿರುಗಿದಂಗ ಒಂದೊಂದ್ ಪಟ್ಟಿ ಒಂದೊಂದ್ ಸಾಲಿಗೆ ಕರೆಂಟ್ ಕೊಡ್ತಿತ್ತು, ಕಿಡಿ ಹಾರ್ತಿತ್ತು, ಸುಟ್ಟ ವಾಸನಿ ಬರ್ತಿತ್ತು. ಆಮ್ಯಾಲ 4017 ಅನ್ನೋ ಐಸಿ, ಅಂದ್ರ ಚಿಪ್, ಬಂತು. ಅದಕ್ಕ ಹತ್ತು ಬಾಯಿ ಅವ, ಒಂದು 555 ಐಸಿಯಿಂದ ಟಕ್ ಟಕ್ ಅಂತ ಪಲ್ಸ್ ಕೊಟ್ರ ಒಂದೊಂದ್ ಟಕ್ಕಿಗೆ ಒಂದೊಂದ್ ಬಾಯಿ ಚಾಲೂ ಆಗ್ತದ, ಹಿಂದಿಂದು ಬಂದ್ ಆಗ್ತದ, ಹತ್ತಾದ ಮ್ಯಾಲ ಮತ್ತ ಮೊದಲಿಂದ. ಅಷ್ಟ ರಿ ಅದ್ರ ಕಥಿ.

ಈಗ ಆ ಬಲ್ಬ್ ಕಿತ್ತಿ, ಅದ್ರ ಜಾಗಾದಾಗ ಒಂದೊಂದು ವಾಲ್ಯೂಮ್ ಗುಂಡಿ ಹಾಕ್ರಿ. ಮೊದಲನೇ ಬಾಯಿ ಚಾಲೂ ಆದಾಗ ಮೊದಲನೇ ಗುಂಡಿ ಎಷ್ಟು ತಿರುವಿರ್ತೀರಿ ಅಷ್ಟ ವೋಲ್ಟೇಜ್ ಹೊರಗ ಬರ್ತದ, ಎರಡನೇದಕ್ಕ ಎರಡನೇ ಗುಂಡಿದು. ಆ ವೋಲ್ಟೇಜನ್ನ ಸಪ್ಪಳ ಮಾಡೋ ಆಸಿಲೇಟರ್‌ಗೆ ಕೊಟ್ರ ವೋಲ್ಟೇಜ್ ಏರಿದಂಗ ಸ್ವರ ಏರ್ತದ, ಇಳಿದಂಗ ಇಳೀತದ. ಇದ ನೋಡ್ರಿ ಸ್ಟೆಪ್ ಸೀಕ್ವೆನ್ಸರ್. ಇದ್ರಾಗ ಕಂಪ್ಯೂಟರ್ ಎಲ್ಲಿ ಬಂತು? ಮೆಮೊರಿ ಸುದ್ದಿನೇ ಇಲ್ಲ, ನೀವು ಗುಂಡಿ ಎಲ್ಲಿ ಇಟ್ಟೀರಿ ಅದ ಮೆಮೊರಿ, ಯಾರರ ಕೈ ತಾಕಿ ಗುಂಡಿ ಸರದ್ರ ಹಾಡೂ ಸರೀತು.

ಇದನ್ನ ಮೊದಲು ಮಾಡಿದವ್ರ ಕಥಿನೂ ಕೇಳ್ರಿ, ಯಾಕಂದ್ರ ಅದು ನಮ್ಮಂಥ ರಿಪೇರಿ ಮಂದಿ ಕಥಿನೇ. ನ್ಯೂಯಾರ್ಕ್ ಕಡಿ ರೇಮಂಡ್ ಸ್ಕಾಟ್ ಅಂತ ಒಬ್ಬ ಸಂಗೀತಗಾರ ಇದ್ದ, ಆತ ಟೆಲಿಫೋನ್ ಎಕ್ಸ್‌ಚೇಂಜ್ ನಮೂನಿ ರಿಲೇ, ಸ್ಟೆಪ್ಪಿಂಗ್ ಸ್ವಿಚ್ ಗ್ವಾಡಿ ತುಂಬ ಕೂಡ್ಸಿ ಸ್ವರ ಓಡಿಸ್ತಿದ್ದ. ಯಂಗ್ ಹುಡುಗ ಇದ್ದಾಗ ಮೋಗ್ ಅವ್ರೂ ಆತನ ಕಡಿ ಹೋಗಿ ನೋಡ್ಯಾರ. ನಮ್ಮಪ್ಪ ಟೆಲಿಫೋನ್ ಎಕ್ಸ್‌ಚೇಂಜ್‌ನ್ಯಾಗ ಕೆಲಸಕ್ಕಿದ್ದ, ಸಣ್ಣಾಂವ ಇದ್ದಾಗ ಬುತ್ತಿ ಕೊಡ್ಲಿಕ್ಕ ಹೋದ್ರ ಒಳಗ ಲೈನ್ ಜೋಡ್ಸೋ ಸ್ಟ್ರೋಜರ್ ಸ್ವಿಚ್‌ಗಳು ಟರ್ರ್ ಟರ್ರ್ ಅಂತ ಮ್ಯಾಲ ಹತ್ತಿ ಸುತ್ತ ತಿರುಗೋ ಸಪ್ಪಳ, ಮಳಿ ತಗಡಿನ ಮ್ಯಾಲ ಬಿದ್ದಂಗ. 1948ರಾಗ ಬೆಂಗಳೂರಾಗ ಚಾಲೂ ಆದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಫ್ಯಾಕ್ಟರಿನ್ಯಾಗ ಅವನ್ನ ಮಾಡ್ತಿದ್ರು. ಅಪ್ಪ ಹೇಳ್ತಿದ್ದ, ಯಾರೋ 5 ಡಯಲ್ ಮಾಡ್ಯಾರ ನೋಡು, ಐದ್ ಸಲ ಟರ್ರ್ ಅಂತು ಅಂತ. ಅದನ್ನ ಸಂಗೀತಕ್ಕ ಹಚ್ಚಬಹುದು ಅಂತ ನಮಗ್ಯಾರಿಗೂ ಹೊಳೀಲಿಲ್ಲ ಬಿಡ್ರಿ.

ಇನ್ನೊಂದ್ ಕಡಿ ಸ್ಯಾನ್ ಫ್ರಾನ್ಸಿಸ್ಕೊದಾಗ ಮಾರ್ಟನ್ ಸುಬೊಟ್ನಿಕ್, ರಮೋನ್ ಸೆಂಡರ್ ಅಂತ ಇಬ್ರು, ಟೇಪ್ ಕತ್ತರಿಸಿ ಜೋಡ್ಸಿ ಸಂಗೀತ ಮಾಡ್ತಿದ್ರು. ಟೇಪ್ ಜೋಡ್ಸೋದು ಎಂಥಾ ತ್ರಾಸು ಅಂತ ಕ್ಯಾಸೆಟ್ ಕಾಲದವ್ರಿಗೆ ಗೊತ್ತದ, ಬ್ಲೇಡಿನಿಂದ ಕೊಯ್ದು, ಪಟ್ಟಿ ಹಚ್ಚಿ, ಒಂದು ಸ್ವರದ ಮುಂದ ಒಂದು ಸ್ವರ ಇಡಬೇಕಂದ್ರ ಹೊತ್ತು ಮುಳುಗ್ತದ. ಅವ್ರು ಡಾನ್ ಬುಕ್ಲಾ ಅನ್ನೋ ಎಂಜಿನಿಯರ್‌ಗೆ ಹೇಳಿದ್ರು, ಈ ಕೊಯ್ಯೋ ಕೆಲಸ ತಪ್ಪೋಹಂಗ ಏನರ ಮಾಡಪಾ ಅಂತ. 1960ರ ದಶಕದ ನಡುವ ಬುಕ್ಲಾ ಮಾಡಿ ಕೊಟ್ಟ ಸಿಂಥಸೈಸರ್‌ನ್ಯಾಗ 8 ಹೆಜ್ಜಿದೊಂದು, 16 ಹೆಜ್ಜಿದೊಂದು ಸೀಕ್ವೆನ್ಸರ್ ಇದ್ವು. ಅಂದ್ರ ಇದು ಕಲಾವಿದನ್ನ ತೆಗೀಲಿಕ್ಕ ಹುಟ್ಟಿದ್ದಲ್ರಿ, ಬ್ಲೇಡ್ ತೆಗೀಲಿಕ್ಕ ಹುಟ್ಟಿದ್ದು.

ಮೋಗ್ ಕಂಪನಿದು 960 ಅಂತ, ಅದ 60ರ ದಶಕದ ಕೊನಿಗೆ ಬಂತು. ಎಂಟು ಹೆಜ್ಜಿ, ಮೂರು ಸಾಲು, ಒಟ್ಟು 24 ಗುಂಡಿ. ಒಂದು ಸಾಲು ಸ್ವರಕ್ಕ ಹಚ್ರಿ, ಒಂದು ಸಾಲು ಫಿಲ್ಟರ್‌ಗೆ ಹಚ್ರಿ ಅಂದ್ರ ದನಿ ತೆರಿಯೋದು ಮುಚ್ಚೋದು ಆಗ್ತದ, ಮೂರನೇ ಸಾಲನ್ನ ತಿರುಗಿ ಅದ್ರ ಕ್ಲಾಕಿಗೇ (ಟಕ್ ಟಕ್ ಪಲ್ಸ್ ಕೊಡೋ ಭಾಗಕ್ಕ) ಕೊಟ್ರ ಒಂದೊಂದ್ ಹೆಜ್ಜಿ ಎಷ್ಟು ಉದ್ದ ನಿಲ್ಲಬೇಕು ಅನ್ನೋದೂ ನಿಮ್ ಕೈನ್ಯಾಗ. ಪ್ರತಿ ಹೆಜ್ಜಿ ಕೆಳಗ ಒಂದು ಸ್ವಿಚ್, ಬೇಕಾದ್ರ ಆ ಹೆಜ್ಜಿ ಹಾರಸಬಹುದು, ಬೇಕಾದ್ರ ಅಲ್ಲೇ ನಿಲ್ಲಿಸಬಹುದು. 962 ಅನ್ನೋ ಇನ್ನೊಂದು ಡಬ್ಬಿ ಜೋಡ್ಸಿದ್ರ ಮೂರೂ ಸಾಲು ಒಂದರ ಹಿಂದ ಒಂದು ಓಡಿ 24 ಹೆಜ್ಜಿ ಆಗ್ತದ.

ಇದೆಲ್ಲಾ ನನಗ ಹೆಂಗ ಗೊತ್ತಾತು ಅಂದ್ರ ನಮ್ ತಂಗಿ ಮಗನಿಂದ. ಡಿಪ್ಲೊಮಾ ಓದ್ಲಿಕತ್ತಾನ. ಹೋದ ವರ್ಷ ದಸರಾ ರಜಾದಾಗ ಬಂದು "ಮಾಮಾ, ನಿನ್ ಹಳೇ ಲೈಟ್ ಸೆಟ್ ಬೋರ್ಡ್ ಒಂದು ಕೊಡು" ಅಂದ. ಕೊಟ್ಟೆ. ಎರಡ್ ದಿನದಾಗ ಎಂಟು ಗುಂಡಿ ಕೂಡ್ಸಿ, ಪ್ರತಿ ಗುಂಡಿಗೆ ಒಂದು ಡಯೋಡ್ ಹಾಕಿ (ಇಲ್ಲಂದ್ರ ಒಂದರ ಕರೆಂಟ್ ಇನ್ನೊಂದರಾಗ ಹೊಕ್ಕು ಎಲ್ಲಾ ಕಲಸಿಕೋತದ), 4017ರ 9ನೇ ಪಿನ್ ಒಯ್ದು 15ನೇ ಪಿನ್ನಿಗೆ ಹಚ್ಚಿದ್ದ, ಅಂದ್ರ ಹತ್ತರ ಬದ್ಲಿ ಎಂಟಕ್ಕ ತಿರುಗಿ ಬರ್ತದ. ಸಪ್ಪಳಕ್ಕ ಇನ್ನೊಂದು 555. ಚಾಲೂ ಮಾಡಿದ್ರ ಗುಂಡಿ ಏರಿಸಿದಂಗ ಸ್ವರ ಇಳೀಲಿಕತ್ತು, ಪೂರಾ ಉಲ್ಟಾ! ಹುಡುಗ ಕಂಗಾಲು. 555ರ ಐದನೇ ಪಿನ್ನಿಗೆ ವೋಲ್ಟೇಜ್ ಏರಿಸಿದ್ರ ಸ್ವರ ಇಳಿಯೋದ ಅದ್ರ ಸ್ವಭಾವ, ಆ ಐಸಿ ಅದಕ್ಕಂತ ಮಾಡಿದ್ದಲ್ಲ. ಆಮ್ಯಾಲ ಬರೋಬ್ಬರಿ ಆಸಿಲೇಟರ್ ಮಾಡೋಣ ಅಂತ ಕುಂತ್ವಿ. ಮೋಗ್ ಹಾಕಿದ ನಿಯಮ ಏನಂದ್ರ ಒಂದು ವೋಲ್ಟ್ ಏರಿದ್ರ ಒಂದು ಸಪ್ತಕ ಏರಬೇಕು. ಅದಕ್ಕ ಎರಡು ಟ್ರಾನ್ಸಿಸ್ಟರ್ ಅವಳಿ ಜವಳಿ ಇದ್ದಂಗ ಹೊಂದಬೇಕು, ಹಂಗಾಗಿ ನನ್ ಡಬ್ಬಿನ್ಯಾಗಿನ BC547 ಟ್ರಾನ್ಸಿಸ್ಟರ್ ಎಲ್ಲಾ ಸುರುವಿ ಒಂದೊಂದೇ ಅಳೀಕೋತ ಜೋಡಿ ಹುಡುಕಿದ್ವಿ, ಕನ್ಯಾ ನೋಡಿದಂಗ, ಜಾತಕ ಕೂಡೋದ್ರಾಗ ಮಧ್ಯರಾತ್ರಿ ಆತು.

ಹೇಳಬೇಕಾದ ಖರೆ ಮಾತು ಇಲ್ಲಿಂದ ಮುಂದ ಅದ. ನಮ್ಮ ಓಣಿನ್ಯಾಗ ಒಬ್ಬ ಹಾರ್ಮೋನಿಯಂ ಮಾಸ್ತರ್ ಅದಾರ, ವಯಸ್ಸು ಎಪ್ಪತ್ತರ ಮ್ಯಾಲ, ಜಂಬಲದಿನ್ನಿ ಸಿದ್ಧರಾಮ ಅವ್ರ ವಚನ ಎದುರಾ ಕುಂತು ಕೇಳಿದವ್ರು. ಅವ್ರ ಎಲೆಕ್ಟ್ರಾನಿಕ್ ತಂಬೂರಿಗೆ ಇಲಿ ಹೊಕ್ಕು ವೈರ್ ಕಡದಿತ್ತು, ತಗೊಂಡ್ ಬಂದ್ರು. ಬಂದಾಗ ನಮ್ಮ ಹುಡುಗನ ಡಬ್ಬಿ ಕುಂಯ್ ಕುಂಯ್ ಅನ್ಲಿಕತ್ತಿತ್ತು. "ಏನಪಾ ಇದು, ಒಣ ರಾಟಿ ತಿರುಗಿದಂಗ ಅದ" ಅಂದ್ರು. ನಾ ಅಂದೆ, ಮಾಸ್ತರ್, ನಿಮ್ ತಂಬೂರಿ ಡಬ್ಬಿನೂ ಇದ ರಿ, ಪ ಸಾ ಸಾ ಸಾ ನಾಕ ಹೆಜ್ಜಿ, ತಿರುಗಿ ತಿರುಗಿ ಅದ. ಬೆಂಗಳೂರಿನ ರಾಡೆಲ್ ಕಂಪನಿ ಜಿ. ರಾಜ್ ನಾರಾಯಣ್ ಅವ್ರು ಎಚ್‌ಎಎಲ್‌ನ್ಯಾಗ ಎಂಜಿನಿಯರ್ ಇದ್ದವ್ರು, ಸ್ವತಃ ವೇಣುವಾದಕರು, 70ರ ದಶಕದ ಕೊನಿಗೆ ಎಲೆಕ್ಟ್ರಾನಿಕ್ ಶ್ರುತಿ ಮಾಡಿದ್ರು, ಈಗ ಅದಿಲ್ಲದ ಸಂಗೀತ ಪಾಠ ನಡಿಯೋ ಮನಿ ಎಷ್ಟವ ಹೇಳ್ರಿ. ಅದಕ್ಯಾರೂ ಕಂಪ್ಯೂಟರ್ ಬಂತು ಸಂಗೀತ ಸತ್ತಿತು ಅನ್ನಂಗಿಲ್ಲ.

ಮಾಸ್ತರಿಗೆ ಕುತೂಹಲ ಆತು, ಸ್ಟೂಲ್ ಎಳ್ಕೊಂಡ್ ಕುಂತ್ರು. ಎಂಟು ಲೈಟ್ ಓಡೋದು ನೋಡಿ ತೊಡಿ ಮ್ಯಾಲ ಎಂಟು ಮಾತ್ರೆ ಕೆಹರ್ವಾ ತಾಲ ಬಾರಿಸ್ಲಿಕತ್ರು. "ಇದಕ್ಕ ರೂಪಕ್ ಬರ್ತದೇನು?" ಅಂದ್ರು. ಹುಡುಗ 9ನೇ ಪಿನ್ನಿನ ವೈರ್ ಬಿಚ್ಚಿ 6ನೇ ಪಿನ್ನಿಗೆ ಹಚ್ಚಿದ, ಹಿಂದೂಸ್ತಾನಿ ರೂಪಕ್ ತಾಲದ ಏಳು ಮಾತ್ರೆಗೆ ತಿರುಗ್ಲಿಕತ್ತು. ಝಪ್‌ತಾಲ್ ಅಂದ್ರು, ರಿಸೆಟ್ ವೈರ್ ಕಿತ್ತಿ ಗ್ರೌಂಡಿಗೆ ಹಚ್ಚಿದ, ಹತ್ತು ಮಾತ್ರೆ, ಲೈಟ್ ಹತ್ತೂ ಓಡಿದ್ವು, ಗುಂಡಿ ಎಂಟ ಇದ್ವು ಅದಕ್ಕ ಕೊನಿ ಎರಡು ಮಾತ್ರೆಗೆ ಸ್ವರ ತಳದಾಗ ಬಿತ್ತು, ಅದೂ ಛಂದ ಕೇಳಿಸ್ತು. ನಾನು ಆವಾಗ ಮೊದಲನೇ ಸಲ ವಿಚಾರ ಮಾಡಿದೆ ನೋಡ್ರಿ, ಮೋಗ್‌ದು ಎಂಟು, ಎಆರ್‌ಪಿ ಕಂಪನಿ 1601 ಸೀಕ್ವೆನ್ಸರಿಗೆ ಹದಿನಾರು ಹೆಜ್ಜಿ, ಅಂದ್ರ ನಮ್ಮ ತೀನ್‌ತಾಲ್. ರೋಲ್ಯಾಂಡ್‌ನ ಸಿಸ್ಟಂ 100ರ ಜೋಡಿ ಬರ್ತಿದ್ದ 104ಕ್ಕ ಹನ್ನೆರಡು, 1978ರ ಕೋರ್ಗ್ ಎಸ್‌ಕ್ಯೂ-10ಕ್ಕೂ ಹನ್ನೆರಡು, ಏಕತಾಲ್. ಇದು ಎಲ್ಲಾ ನಮ್ಮಿಂದನ ಕದ್ದಾರ ಅನ್ನೋ ವಾಟ್ಸಾಪ್ ಮಾತಲ್ರಿ, ಹಂಗೇನಿಲ್ಲ, ಅವ್ರಿಗೆ ಅವ್ರ ಲೆಕ್ಕ. ಆದ್ರ ತಾಲದ ಆವರ್ತನ ತಿರುಗಿ ಮೊದಲನೇ ಮಾತ್ರೆ, ಅಂದ್ರ ಸಮ್‌ಗೆ ಬರೋದು ಕಿವಿಗಿ ಗೊತ್ತಿದ್ದ ಮನುಷ್ಯಾಗ ಈ ಡಬ್ಬಿ ಹೊಸದು ಅನಸಂಗಿಲ್ಲ. ಮಾಸ್ತರಿಗೆ ಐದ ನಿಮಿಷದಾಗ ತಿಳೀತು, ನನ್ನ ಅಳಿಯಾಗ ತಿಳೀಲಿಕ್ಕ ವಾರ ಹಿಡದಿತ್ತು.

ಆಮ್ಯಾಲ ಮಾಸ್ತರು ಗುಂಡಿಗೆ ಕೈ ಹಚ್ಚಿದ್ರು. ಸಾ ಇಟ್ಟಿದ್ವಿ ಸೊನ್ನಿ ವೋಲ್ಟಿಗೆ. ಹುಡುಗ ಗಾಂಧಾರ ಇಟ್ಟಿದ್ದು ಮೊಬೈಲ್ ಟ್ಯೂನರ್ ನೋಡಿ, ಮೀಟರ್‌ನ್ಯಾಗ 0.333, ಅಂದ್ರ ಹಾರ್ಮೋನಿಯಂ, ಕೀಬೋರ್ಡ್ ಲೆಕ್ಕ, ಒಂದು ವೋಲ್ಟಿನ ಹನ್ನೆರಡು ಪಾಲಿನ್ಯಾಗ ನಾಕು ಪಾಲು. ಮಾಸ್ತರು ಕಣ್ಣು ಮುಚ್ಚಿ ಒಂದೀಟ ಒಂದೀಟ ಹಿಂದ ತಿರುವ್ಕೋತ ಬಂದು "ಇಲ್ಲಿ ನೋಡು, ಈಗ ಕುಂತಿತು" ಅಂದು ಕೈ ಬಿಟ್ರು. ಮೀಟರ್ ನೋಡಿದ್ರ 0.32 ಚಿಲ್ಲರ. ಹುಡುಗ ಲೆಕ್ಕ ಮಾಡಿದ, ಸಾದ ಕಂಪನದ 5/4 ಪಟ್ಟು ಇರೋ ಶುದ್ಧ ಗಾಂಧಾರ ಅಂದ್ರ 0.322 ವೋಲ್ಟ್. ಫರಕು ಬರೇ 11 ಮಿಲಿವೋಲ್ಟು! ಎಪ್ಪತ್ತು ದಾಟಿದ ಕಿವಿ ಅದನ್ನ ಹಿಡೀತು ಅಂದ್ರ ನನಗ ಮೈ ಜುಂ ಅಂತು. ಪಂಚಮಕ್ಕ ಮಾತ್ರ ಅವ್ರು ಹೆಚ್ಚು ತಿರುವಲಿಲ್ಲ, ಅದೂ ಸರಿನ, ಅಲ್ಲಿ ಕೀಬೋರ್ಡ್ ಲೆಕ್ಕಕ್ಕೂ ಶುದ್ಧಕ್ಕೂ ಎರಡು ಮಿಲಿವೋಲ್ಟೂ ಫರಕಿಲ್ಲ.

ಈ ಮಾತು ಯಾಕ ಇಷ್ಟು ಹಿಗ್ಗಿಸ್ಲಿಕತ್ತೀನಿ ಅಂದ್ರ, 1940ರಾಗ ರೇಡಿಯೋದವ್ರು ಹಾರ್ಮೋನಿಯಂ ಬಂದ್ ಮಾಡಿದ್ರು, ಅದಕ್ಕ ಸಪ್ತಕಕ್ಕ ಹನ್ನೆರಡ ಮನಿ (ಕೀ), ನಡುವಿನ ಶ್ರುತಿ ಬರಂಗಿಲ್ಲ ಅಂತ, ಮೂವತ್ ವರ್ಷದ ಮ್ಯಾಲ ಸಡ್ಲ ಬಿಟ್ರು. ಈ ಹಳೇ ಅನಲಾಗ್ ಸೀಕ್ವೆನ್ಸರ್‌ಗೆ ಮನಿನ ಇಲ್ಲಲ್ರಿ. ಗುಂಡಿ ಎಲ್ಲಿ ಬೇಕಾದ್ರೂ ನಿಲ್ತದ. ಪಾಶ್ಚಾತ್ಯರಿಗೆ ಅದ ಒಂದು ತಲಿಬ್ಯಾನಿ, ಸ್ವರ ಸರಿಯಾಗಿ ಹಚ್ಚೋದು ಕಷ್ಟ ಅಂತ ಮುಂದ ಕ್ವಾಂಟೈಸರ್ ಅಂತ ಹಾಕಿ ಗುಂಡಿ ಎಲ್ಲಿ ತಿರುವಿದ್ರೂ ಹತ್ರದ ಮನಿಗೆ ಹೋಗಿ ಕುಂದ್ರೋಹಂಗ ಮಾಡಿದ್ರು. ನಮಗ ಆ ಕ್ವಾಂಟೈಸರ್ ಇಲ್ಲದ್ದ ಛಲೋ. ನಿಮ್ಮ ಲೇಖಕರು ಇಂಥಾ ಮಷೀನು ರಾಗ ಕೊಲ್ತದ ಅಂತ ಬರದಾರ, ಕೊಲ್ಲೋದು ಹನ್ನೆರಡ ಮನಿ ಕೀಬೋರ್ಡ್ ರಿ, ಈ ಗುಂಡಿ ಡಬ್ಬಿ ಅಲ್ಲ. ಮೀಂಡ್, ಅಂದ್ರ ಒಂದು ಸ್ವರದಿಂದ ಇನ್ನೊಂದಕ್ಕ ಜಾರೋದು, ಬರಂಗಿಲ್ಲ, ಹಾಡಿಕಿ ಶೈಲಿ ಬರಂಗಿಲ್ಲ, ಅದನ್ನ ಒಪ್ಪತೀನಿ, ಎಂಟು ಹೆಜ್ಜಿ ತಿರುಗಿ ತಿರುಗಿ ಬೇಸರ ಬರ್ತದ ಅದನ್ನೂ ಒಪ್ಪತೀನಿ. ಅದಕ್ಕ ಬಾರಿಸಾವ ಕೈ ಎತ್ತದ ಗುಂಡಿ ತಿರುವ್ಕೋತ ಇರಬೇಕು, ಕೈ ಬಿಟ್ರ ಅದು ಬರೇ ಲೈಟ್ ಸೆಟ್ಟು.

ಬ್ಯಾಸಗಿ ಕಥಿ ಬ್ಯಾರೆ. ಮಾರ್ಚ್ ಮುಗಿದಂಗ ನಮ್ ರಾಯಚೂರಾಗ ನಲವತ್ತು ದಾಟ್ತದಲ್ರಿ, ಮಧ್ಯಾಹ್ನ ಆದ್ರ ಆಸಿಲೇಟರ್ ಸಾ ಬಿಟ್ಟು ಎಲ್ಲೋ ಹೋಗಿ ಕುಂತಿರ್ತಿತ್ತು. ಆ ಅವಳಿ ಟ್ರಾನ್ಸಿಸ್ಟರ್ ಅದಾವಲ್ಲ, ಅವು ಒಂದು ಡಿಗ್ರಿ ಬಿಸಿಗೆ ಸುಮಾರು 0.33 ಪರ್ಸೆಂಟ್ ಲೆಕ್ಕ ತಪ್ತಾವ, ಅದಕ್ಕ ಅಷ್ಟ ಪ್ರಮಾಣದಾಗ ಬಿಸಿಗೆ ಏರೋ ಒಂದು ಸ್ಪೆಷಲ್ ರೆಸಿಸ್ಟರ್ ಟ್ರಾನ್ಸಿಸ್ಟರ್‌ಗೆ ಅಂಟಿಸಿ ಹಾಕಬೇಕು, ಅದು ನಮ್ ಊರಾಗ ಸಿಗಂಗಿಲ್ಲ, ಬೆಂಗಳೂರು ಎಸ್‌ಪಿ ರೋಡಿಗೆ ಹೇಳಿ ತರಸಬೇಕಾತು. ಮೋಗ್ ಸಿಂಥಸೈಸರ್ ಸ್ಟೇಜ್ ಮ್ಯಾಲ ಬಾರಿಸ್ತಿದ್ದ ಆ ಕಾಲದ ಪಾಶ್ಚಾತ್ಯ ಮಂದಿನೂ ಇದ ತ್ರಾಸು ಉಂಡಾರ, ಲೈಟಿನ ಬಿಸಿಗೆ ಸ್ವರ ಜಾರೋದು. ನಾ ಬೈಕೋತ ಕುಂತಾಗ ಮಾಸ್ತರು "ಖರೆ ತಂಬೂರಿನೂ ಬಿಸಿಲಿಗಿ ಇಳೀತದ, ನಾವೇನ್ ಒಗೀತೀವೇನು, ತಿರುಗಿ ಹಚ್ಕೋತೀವಿ" ಅಂದ್ರು. ಮತ್ತ ಮಾತಾಡ್ಲಿಲ್ಲ ನಾನು.

ಇನ್ನ ಇದು ಬರೇ ಅಮೆರಿಕದ ಚೈನಿ ಅನ್ನೋರಿಗೆ ಒಂದು ಮಾತು. 1969ರಾಗ ಅಹ್ಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೋಗ್ ಸಿಂಥಸೈಸರ್ ಕೂಡ್ಸಿ ಸ್ಟುಡಿಯೋ ಮಾಡಿಕೊಟ್ಟ. ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಜಿನ್‌ರಾಜ್ ಜೋಶಿಪುರ, ಎಸ್.ಸಿ. ಶರ್ಮಾ ಇವ್ರೆಲ್ಲಾ ಅಲ್ಲಿ ಕುಂತು ಸಪ್ಪಳ ಮಾಡ್ಯಾರ. ಮೂರ್ನಾಕ ವರ್ಷದಾಗ ಅದು ನಿಂತು ಹೋತು, ಟೇಪ್‌ಗಳು ಕಪಾಟಿನ್ಯಾಗ ಬಿದ್ದಿದ್ವು, ಪಾಲ್ ಪರ್ಗಾಸ್ ಅನ್ನೋ ಬ್ರಿಟನ್ ಕಲಾವಿದ ಹುಡುಕಿ ತೆಗದ, 2023ರಾಗ ರೆಕಾರ್ಡ್ ಆಗಿ ಬಂತು, ಐವತ್ ವರ್ಷ ನಮಗ್ಯಾರಿಗೂ ಸುದ್ದಿನ ಇದ್ದಿದ್ದಿಲ್ಲ. ಆಮ್ಯಾಲ 1982ರಾಗ ಮುಂಬೈದಾಗ ಚರಣ್‌ಜಿತ್ ಸಿಂಗ್ ಅವ್ರು ರೋಲ್ಯಾಂಡ್ ಟಿಬಿ-303 ಅನ್ನೋ ಬೇಸ್ ಸ್ವರದ ಡಬ್ಬಿ ಓಡಿಸಿ, ಅದ್ರ ಜೋಡಿ ಬ್ಯಾರೆ ಸಿಂಥಸೈಸರ್ ಮ್ಯಾಲ ಹತ್ತು ರಾಗ ಬಾರಿಸಿದ್ರು. ಆ 303 ಒಳಗ ಡಿಜಿಟಲ್ ಮೆಮೊರಿ ಅದ, ನಾ ಹೇಳೋ ಗುಂಡಿ ಡಬ್ಬಿ ಅಲ್ಲ, ಆದ್ರ ಹೆಜ್ಜಿ ಹೆಜ್ಜಿಗೆ ಸ್ವರ ಇಡೋ ವಿದ್ಯಾ ಅದ. ಆವಾಗ ಯಾರೂ ಕೇಳ್ಲಿಲ್ಲ, ಇಪ್ಪತ್ತೈದು ವರ್ಷ ಆದ ಮ್ಯಾಲ ಹೊರದೇಶದವ್ರು ಹೊಗಳಿದ್ರು, ಆಮ್ಯಾಲ ನಾವು ಹೊಗಳಿದ್ವಿ. ನಮ್ದು ಹಂಗ ಅಲ್ರಿ ಯಾವಾಗ್ಲೂ.

ಕಪಾಟು ಅಂದ ಕೂಡ್ಲೆ ನೆಪ್ಪಾತು. ನಮ್ಮ ಕಡಿ ಒಂದು ಕಾಲೇಜು, ಹೆಸರು ಹೇಳಂಗಿಲ್ಲ, ಹೋದ ಬ್ಯಾಸಗಿನ್ಯಾಗ ತಮ್ಮ ಹಳೇ ಲ್ಯಾಬ್ ಮಾಲೆಲ್ಲಾ ಗುಜರಿಗೆ ತೂಕದ ಮ್ಯಾಲ ಹಾಕಿದ್ರು. ಸುದ್ದಿ ತಿಳಿದು ನಾ ಓಡಿ ಹೋಗೋದ್ರಾಗ ಟ್ರಾಲಿ ತುಂಬಿತ್ತು. ಆಸಿಲೋಸ್ಕೋಪ್, ಫಂಕ್ಷನ್ ಜನರೇಟರ್, ಟ್ರೈನರ್ ಕಿಟ್, ಒಂದೊಂದರಾಗ ಮೆಟಲ್ ಗೇರಿನ ಹತ್ತು ಸುತ್ತಿನ ಗುಂಡಿ, ಅಂಥಾವು ಈಗ ಕೊಳ್ಳಲಿಕ್ಕ ಹೋದ್ರ ಗೊತ್ತಾಗ್ತದ ರೇಟು. ಕೇಳಿದ್ರ "ಸರ್, ಆಡಿಟ್‌ನ್ಯಾಗ ತೆಗದಾಗ್ಯಾದ, ಈಗೆಲ್ಲಾ ಸಿಮುಲೇಷನ್‌ನ್ಯಾಗ ಮಾಡಸ್ತೀವಿ" ಅಂದ್ರು. ನಾ ಗುಜರಿಯವನ ಕಡಿ ರೊಕ್ಕ ಕೊಟ್ಟು ಎರಡು ಫಂಕ್ಷನ್ ಜನರೇಟರ್ ಬಿಡಿಸ್ಕೊಂಡ್ ಬಂದೆ, ಒಂದು ಫ್ಯೂಸ್ ಹೋಗಿತ್ತಷ್ಟ, ಒಂದು ಬರೇ ಧೂಳು. ಇವತ್ತು ನಮ್ಮ ಹುಡುಗನ ಸೀಕ್ವೆನ್ಸರ್‌ಗೆ ಕ್ಲಾಕ್ ಕೊಡೋದು ಅದ ಧೂಳಿನದು.

ಹಂಗಾಗಿ ನಿಮ್ಮ ಕಡಿ ನಂದು ವಿನಂತಿ ಏನಂದ್ರ, ಒಂದು, ತಿದ್ದುಪಡಿ ಹಾಕ್ರಿ. ಆ ಫೋಟೋ ಸೀಕ್ವೆನ್ಸರ್‌ದಲ್ಲ ಅಂತ ಒಂದ ಸಾಲು ಬರೀರಿ. ಮತ್ತ ನಿಮ್ಮ ಜಿಲ್ಲಾ ಪುಟದಾಗ, ಐಟಿಐ ಡಿಪ್ಲೊಮಾ ಹುಡುಗ್ರು ಓದೋಹಂಗ, ಈ 4017, 555 ಗುಂಡಿ ಡಬ್ಬಿ ಮಾಡೋದು ಹೆಂಗ ಅಂತ ಅರ್ಧ ಪುಟ ಕೊಡ್ರಿ, ಸರ್ಕ್ಯೂಟ್ ನಾನ ಬರದು ಕೊಡ್ತೀನಿ, ರೊಕ್ಕ ಬ್ಯಾಡ. ಐಸಿ ಎರಡೂ ಚಾ ಬಜಿ ರೇಟಿಗೆ ಬರ್ತಾವ, ಗುಂಡಿ ಹಳೇ ಟೇಪ್‌ನ್ಯಾಗ ಸಿಗ್ತಾವ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡಿ ಲೈಟ್ ಡೆಕೋರೇಷನ್ ಅಂಗಡಿ ಇಲ್ಲದ ಊರಿಲ್ಲ, ಒಂದೊಂದ್ ಅಂಗಡಿನ್ಯಾಗೂ ಇದನ್ನ ಅರ್ಧ ಗಂಟೆದಾಗ ತಿಳ್ಕೊಳ್ಳೋ ಹುಡುಗ ಅದಾನ, ಅವ್ರಿಗೆ ಇದು ಸಂಗೀತ ಆಗ್ತದ ಅಂತ ಯಾರೂ ಹೇಳಿಲ್ಲ ಅಷ್ಟ.

ಪತ್ರ ಉದ್ದ ಆಗ್ಯಾದ ಅಂತ ಗೊತ್ತದ. ಜಾಗಾ ಸಾಲದಿದ್ರ ನಮ್ಮಪ್ಪನ ಎಕ್ಸ್‌ಚೇಂಜ್ ಕಥಿ ತೆಗೀರಿ, ಬ್ಯಾಸಗಿದು ತೆಗೀರಿ, ಮಾಸ್ತರ ಗಾಂಧಾರದ್ದು ಮಾತ್ರ ಮುಟ್ಟಬ್ಯಾಡ್ರಿ, ಅವ್ರು ಪೇಪರ್ ತರಸ್ತಾರ, ನೋಡ್ತಾರ. 0.322 ಅನ್ನೋದನ್ನ ಪ್ರೂಫ್ ನೋಡೋರು 0.332 ಮಾಡಿದ್ರಂತೂ ಮುಗೀತು, ಮತ್ತೊಂದು ಪತ್ರ ಬರೀಬೇಕಾಗ್ತದ.

ಇಂತಿ,
ಒಬ್ಬ ರಿಪೇರಿ ಅಂಗಡಿಯವ,
ರಾಯಚೂರು